ಮೂವತ್ತೆಂಟು ಗುರುಪಾದರು

ನಮ್ಮ ಊರಲ್ಲಿ ಯಾರೂ ತಮ್ಮ ವಯಸ್ಸನ್ನು ಮುಚ್ಚಿಡಲಾರರು. ಹೆಸರು ಹೇಳಿದರೆ ಸಾಕು, ಎದುರಿಗಿದ್ದವರು ಬೆರಳು ಮಡಚಿ, "ಹಂಗಾರ ನಿಮಗ ಐವತ್ತೆರಡು ನಡದಾವು" ಎಂದು ತಣ್ಣಗೆ ಹೇಳಿಬಿಡುತ್ತಾರೆ. ದೇಶದ ಅರವತ್ನಾಲ್ಕು ಊರುಗಳು ಪ್ರತಿವರ್ಷ ಮಾಘದಲ್ಲಿ ಒಂದು ಬಟ್ಟಲಿಗಾಗಿ ಫುಟ್‌ಬಾಲ್ ಆಡುತ್ತವೆ. ಒಂದು ಸಲ ಸೋತರೆ ಮನೆಗೆ, ಎರಡನೆಯ ಅವಕಾಶವಿಲ್ಲ. ನಮ್ಮನ್ನು ಆ ವರ್ಷ ಮನೆಗೆ ಕಳಿಸಿದ ಗೋಲು ಯಾರದೋ ಅವನ ಹೆಸರನ್ನು, ಅಂದಿನಿಂದ ಮುಂದಿನ ಮಾಘದ ತನಕ ಊರಲ್ಲಿ ಹುಟ್ಟುವ ಎಲ್ಲ ಕೂಸುಗಳಿಗೂ ಇಡಬೇಕು. ಗಂಡಾದರೆ ಇದ್ದ ಹಾಗೆ, ಹೆಣ್ಣಾದರೆ 'ಅಪ್ಪ' ಇದ್ದರೆ ಕಳಚಿ, ಬಾಲಕ್ಕೊಂದು 'ಅವ್ವ' ಸೇರಿಸಿ. ಬೇರೆ ಊರುಗಳಲ್ಲಿ ಸೋತವರು ರೆಫರಿಯನ್ನು ಬೈದು ಸುಮ್ಮನಾಗುತ್ತಾರಂತೆ.

ಹೀಗಾಗಿ ನಮ್ಮ ಗುಡಿಯ ಪೂಜಾರಿಯ ಹೆಸರು ಪಾಸ್ಕಲಯ್ಯ. ಅವರು ಹುಟ್ಟಿದ ವರ್ಷ ಹೊಳೆಬಾಯಿ ಬಂದರಿನ ಪಾಸ್ಕಲ್ ಎಂಬವನು ನಲವತ್ತು ಮಾರು ದೂರದಿಂದ ಹೊಡೆದಿದ್ದ. ಮಸೀದಿಯ ದೊಡ್ಡವರು ಬೋಪಣ್ಣ ಸಾಹೇಬರು. ಇಬ್ಬರೂ ತಮ್ಮ ಹೆಸರಿನವನ ಗೋಲನ್ನು ಬಹಳ ಅಭಿಮಾನದಿಂದ ವರ್ಣಿಸುತ್ತಾರೆ. ಯಾರ ಗೋಲು ಹೆಚ್ಚು ಚಂದವಿತ್ತು ಎಂಬುದರ ಬಗ್ಗೆ ಮಾತ್ರ ಅವರಲ್ಲಿ ಸೌಹಾರ್ದವಿಲ್ಲ.

ಬಟ್ಟಲನ್ನು ನಮ್ಮವರು ಕರೆಯುವುದು ಚೊಂಬು ಎಂದು. ಎಪ್ಪತ್ತೈದು ವರ್ಷಗಳಲ್ಲಿ ನಾವು ಅದನ್ನು ಮುಟ್ಟಿಲ್ಲ, ಆ ಇನ್ನೊಂದು ಅರ್ಥದಲ್ಲಿ ಮಾತ್ರ ಪ್ರತಿವರ್ಷ ಹಿಡಿದಿದ್ದೇವೆ. ಮೊದಮೊದಲು ಆಟ ಸಮವಾದರೆ ಮರುದಿನ ಮತ್ತೆ ಆಡಬೇಕಿತ್ತು. ಒಂದು ವರ್ಷ ಆರು ದಿನ ಆಡಿದರೂ ಗೋಲೇ ಬರಲಿಲ್ಲ. ಏಳನೆಯ ದಿನ ಚೆಂಡು ಒದೆಯಲು ಯಾರ ಕಾಲಿಗೂ ತ್ರಾಣವಿರಲಿಲ್ಲವಾದ್ದರಿಂದ ನಾಣ್ಯ ಚಿಮ್ಮಿದರು, ಸೋತೆವು. ಆ ವರ್ಷದ ಕೂಸುಗಳು ನಾಣ್ಯಪ್ಪ, ನಾಣ್ಯವ್ವ. ಕಾಲರಾ ಬಂದು ಆಟ ನಿಂತ ವರ್ಷ ಹುಟ್ಟಿದವರಿಗೆ ಹೆಸರೇ ಇಲ್ಲ. ಅವರನ್ನು ಖಾಲಿ ಎನ್ನುತ್ತಾರೆ. ಈಗ ಊರಲ್ಲಿ ಆರು ಮಂದಿ ಖಾಲಿ ಉಳಿದಿದ್ದಾರೆ, ಒಬ್ಬರು ಪುರಸಭೆಯ ಅಧ್ಯಕ್ಷರು. ರೆಫರಿಯ ಪುಸ್ತಕದಲ್ಲಿ ಬರೆದದ್ದೇ ಹೆಸರು. ಪುಸ್ತಕ ತಿದ್ದಿದರೆ ಹೆಸರನ್ನೂ ತಿದ್ದಬೇಕು. ಒಮ್ಮೆ ಹಾಗಾಗಿ, ನಾಗಪ್ಪರಾಗಿ ಮಲಗಿದ್ದ ಹನ್ನೊಂದು ಮಂದಿ ನಿಂಗಪ್ಪರಾಗಿ ಎದ್ದರು. ಅವರ ಹೆಂಡಂದಿರು ಎರಡು ದಿನ ತಬ್ಬಿಬ್ಬಾದರು, ಆಮೇಲೆ ಒಗ್ಗಿಹೋಯಿತು.

ನಾನು ಈ ಊರಿನವನಲ್ಲ. ಮನೆ ಅಳಿಯನಾಗಿ ಬಂದವನು. ನನ್ನ ಹೆಸರು ಗುರುಪಾದಪ್ಪ. ನನ್ನ ಅಜ್ಜನದು, ಯಾವ ಗೋಲಿಗೂ ಸಂಬಂಧವಿಲ್ಲದ್ದು. ಹೆಂಡತಿ ಪಾಸ್ಕಲವ್ವ, ಪೂಜಾರಿಯ ವಾರಿಗೆಯವಳು, ಸರ್ಕಾರಿ ಶಾಲೆಯ ಒಂದನೆಯ ಇಯತ್ತೆಯ ಟೀಚರು. ನನಗೆ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ. ನಾನು ಬಂದ ದಿನದಿಂದ ಈ ಊರು ನನ್ನನ್ನು 'ಅಳಿಯ' ಎಂದೇ ಕರೆಯಿತು. ಮಾವ ಸರಿ, ಅವರಿಗೆ ನಾನು ಅಳಿಯನೇ. ಹಾಲಿನವನಿಗೂ ಅಳಿಯ, ಕ್ಷೌರದವನಿಗೂ ಅಳಿಯ. ಮುದ್ರಣಾಲಯದ ಮಾಲೀಕರು, "ಅಳಿಯಂದ್ರ, ಈ ಪುಟದಾಗ ಒತ್ತಕ್ಷರ ಬಿದ್ದಾವು ನೋಡ್ರಿ" ಎನ್ನುತ್ತಿದ್ದರು. ಸಣ್ಣ ಮಕ್ಕಳು 'ಅಳಿಯಕಾಕಾ' ಎಂದು ಹೊಸದೊಂದು ಸಂಬಂಧವನ್ನೇ ಹುಟ್ಟಿಸಿದರು. ಹೆಂಡತಿ ಹೇಗೂ ಗಂಡನ ಹೆಸರು ಹೇಳುವವಳಲ್ಲ. ಅವಳ ವ್ರತನಿಷ್ಠೆ ಎಷ್ಟೆಂದರೆ ಗುರುವಾರಕ್ಕೆ 'ಬುಧವಾರದ ಮರುದಿನ' ಎನ್ನುತ್ತಿದ್ದಳು. ಹೀಗೆ ಐದು ವರ್ಷ ಕಳೆದವು. ಯಾರೂ ನನಗೆ ಅಪಮಾನ ಮಾಡಿರಲಿಲ್ಲ, ಹೊಟ್ಟೆತುಂಬ ಉಣ್ಣಲಿಕ್ಕೆ ಹಾಕಿದ್ದರು. ಆದರೂ ಒಮ್ಮೊಮ್ಮೆ ಮುದ್ರಣಾಲಯದ ಹಿತ್ತಲಲ್ಲಿ ಕೈ ತೊಳೆಯುತ್ತ, "ಗುರುಪಾದಪ್ಪಾ" ಎಂದು ನನಗೆ ನಾನೇ ಮೆಲ್ಲಗೆ ಕರೆದುಕೊಂಡು "ಓ" ಎಂದದ್ದಿದೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ. ಮುಂದಿನದಕ್ಕೆ ಹೋಲಿಸಿದರೆ ಇದು ಏನೂ ಅಲ್ಲ.

ಕಾಲು ಗಟ್ಟಿಯಿತ್ತೆಂದು ನನ್ನನ್ನು ತಂಡಕ್ಕೆ ಸೇರಿಸಿಕೊಂಡರು. ಬಲಗಡೆಯ ಹಿಂದಾಳು, ಅಂದರೆ ಬ್ಯಾಕ್. ಇಪ್ಪತ್ತನಾಲ್ಕು ವರ್ಷಗಳ ಹಿಂದಿನ ಆ ಮಾಘದಲ್ಲಿ ಏನಾಯಿತೋ ತಿಳಿಯದು, ಗೆಲ್ಲುತ್ತಲೇ ಹೋದೆವು. ಅರವತ್ನಾಲ್ಕರಿಂದ ಮೂವತ್ತೆರಡು, ಹದಿನಾರು, ಎಂಟು. ನಾಲ್ಕರ ಘಟ್ಟಕ್ಕೆ ಬಂದಾಗ ಊರು ಮಾತು ಕಡಿಮೆ ಮಾಡಿತು. ಗೆದ್ದೇಬಿಟ್ಟರೆ ಮಕ್ಕಳಿಗೆ ಏನು ಹೆಸರಿಡಬೇಕು ಎಂಬುದಕ್ಕೆ ಎಲ್ಲಿಯೂ ನಿಯಮವಿರಲಿಲ್ಲ. ಆಗಲೂ ಅಧ್ಯಕ್ಷರಾಗಿದ್ದ ಖಾಲಿಯವರು ಒಂದು ಸಮಿತಿ ರಚಿಸಿದರು.

ಎದುರಾಳಿ ಮೂರುಗುಡ್ಡದವರು. ಗೋಲು ಹೊಡೆಯುವ ಅವರ ಫಾರ್ವರ್ಡ್ ಬೆಳ್ಳಿಯಪ್ಪ, ನೀಳ ಕೊರಳಿನ ಹುಡುಗ. ಚೆಂಡಿಗೆ ನೋವಾದೀತೇನೋ ಎಂಬಂತೆ ಆಡುತ್ತಿದ್ದ. ಎಂಬತ್ತೆಂಟು ನಿಮಿಷ ಗೋಲಿಲ್ಲ. ಮೈದಾನದಲ್ಲಿ ಹುಲ್ಲಿಗಿಂತ ಧೂಳು ಹೆಚ್ಚು. ಎಡಗಡೆಯಿಂದ ಚೆಂಡು ತೇಲಿಬಂತು, ನಾನು ಎಗರಿದೆ, ನನ್ನ ತಲೆಗೆ ಗಾಳಿ ಮಾತ್ರ ತಾಗಿತು. ಹಿಂದಿನಿಂದ ಬಂದ ಬೆಳ್ಳಿಯಪ್ಪ ಹಣೆಯಿಂದ ಚೆಂಡನ್ನು ಬಲೆಯೊಳಕ್ಕೆ ಕಳಿಸಿ, ತಾನು ಕಂಬಕ್ಕೆ ಬಡಿದು ಬಿದ್ದ. ಬಾಯಲ್ಲಿ ರಕ್ತ, ಮೈಮೇಲೆ ಎಚ್ಚರವಿಲ್ಲ. ಅವನ ಕಡೆಯವರು ಅವನ ಸುತ್ತ ಕೂತರು. ನಮ್ಮವರು ಇದ್ದಲ್ಲೇ ಕುಸಿದರು. ಧೂಳು ಇಳಿಯುವಾಗ ರೆಫರಿ ಪುಸ್ತಕ ತೆಗೆದು, ಪೆನ್ಸಿಲನ್ನು ನಾಲಿಗೆಗೆ ತಾಗಿಸಿ ನನ್ನ ಹತ್ತಿರ ಬಂದರು.

"ಯಾರ್ದಪಾ ಇದು? ಧೂಳಾಗ ಕಾಣ್ಲಿಲ್ಲ."

ನಾನು ಕೈ ಎತ್ತಿದೆ. "ನಂದರೀ. ನನ್ನ ಕಾಲಿಗೆ ಬಡದು ಹೋತು."

"ನಿನ್ನ ಗೋಲಿಗೆ ನೀನ ಹೊಡದೇನು?"

"ಹೌದರೀ."

"ಹೆಸರು?"

ಐದು ವರ್ಷಗಳಲ್ಲಿ ಆ ಊರಿನವರ ನಡುವೆ ನನ್ನನ್ನು ಯಾರೂ ಕೇಳದ ಪ್ರಶ್ನೆ ಅದು. ಅಕ್ಷರ ಬಿಡಿಸಿ ಬಿಡಿಸಿ ಹೇಳಿದೆ. ಪಾದಕ್ಕೆ ದೀರ್ಘ ಇದೆ ಎಂದೂ ಹೇಳಿದೆ.

ತಪ್ಪನ್ನು ತನ್ನ ಮೇಲೆ ಎಳೆದುಕೊಳ್ಳುವವನ ಮಾತನ್ನು ಯಾರೂ ಪರೀಕ್ಷಿಸುವುದಿಲ್ಲ. ಮೂರುಗುಡ್ಡದವರಿಗೆ ಗೋಲು ಬೇಕಿತ್ತು, ಗೋಲಿನವನಲ್ಲ. ಎಚ್ಚರ ತಪ್ಪಿದ ಬೆಳ್ಳಿಯಪ್ಪನಿಗೆ ಅದು ನೆನಪೇ ಉಳಿಯಲಿಲ್ಲವಂತೆ. ನಮ್ಮ ಗೋಲ್‌ಕೀಪರ್, ಬೋಪಣ್ಣರಲ್ಲೊಬ್ಬ, ಬಲೆಗೆ ಆತುಕೊಂಡು, "ಅಳಿಯಾ, ಏನ ಮಾಡಿದ್ಯೋ" ಎಂದು ಅತ್ತ. ಊರು ನನ್ನನ್ನು ಒಂದು ವಾರ ಮಾತಾಡಿಸಲಿಲ್ಲ. ಎಂಟನೆಯ ದಿನ ಹೂಗಾರರ ಮನೆಯಲ್ಲಿ ಗಂಡು ಕೂಸು ಹುಟ್ಟಿತು. ಅವರ ಕಟ್ಟೆಯ ಮುಂದೆ ಹಾದುಹೋಗುವಾಗ ಒಳಗಿನಿಂದ ಮುದುಕಿಯ ದನಿ ಕೇಳಿತು: "ಗುರುಪಾದಾ, ಅಳಬ್ಯಾಡೋ ನನ್ನ ಬಂಗಾರ." ನಾನು ಮುಂದೆ ಹೋಗದೆ, ಚಪ್ಪಲಿಯ ಉಂಗುಷ್ಟ ಸರಿಮಾಡಿಕೊಳ್ಳುವವನ ಹಾಗೆ ಬಗ್ಗಿ ನಿಂತೆ. ಅವಳು ಮತ್ತೆರಡು ಸಲ ಕರೆದಳು. ಅಷ್ಟು ಸುಖವಾದ ಚಪ್ಪಲಿ ರಿಪೇರಿ ನಾನು ಮತ್ತೆ ಮಾಡಿಲ್ಲ.

ಆ ವರ್ಷ ಮೂವತ್ತೆಂಟು ಕೂಸುಗಳು. ಇಪ್ಪತ್ತು ಗುರುಪಾದಪ್ಪ, ಕರೆಯುವಾಗ ಗುರುಪಾದ; ಹದಿನೆಂಟು ಗುರುಪಾದವ್ವ. ಹದಿನೆಂಟರಲ್ಲಿ ಒಬ್ಬಳು ನನ್ನ ಮಗಳು.

ಹೆಸರುಗಳೂ ಬೆಳೆಯುತ್ತವೆ ಎಂಬುದು ನನಗೆ ಹೊಳೆದಿರಲಿಲ್ಲ. ಮಿಕ್ಕ ವರ್ಷದವರಿಗೆ ಗೆದ್ದವನ ಹೆಸರು. ಇವರಿಗೆ ಮಾತ್ರ ತನ್ನ ಮನೆಗೆ ತಾನೇ ಗೋಲು ಹೊಡೆದವನದು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅದು ಕ್ರಿಯಾಪದವಾಗಿತ್ತು. ಹಾಲು ಉಕ್ಕಿಸಿದ ಸೊಸೆಗೆ, "ಮಾಡಿದೇನವಾ ಗುರುಪಾದ?" ತನ್ನ ಸಾಕ್ಷಿಯಿಂದಲೇ ಖಟ್ಲೆ ಸೋತ ವಕೀಲರಿಗೆ, "ಸಾಹೇಬ್ರು ಕೋರ್ಟಿನಾಗ ಗುರುಪಾದ ಆದ್ರು." ಜಾಣರು ಅದನ್ನು ಒಡೆದು 'ಗುರಿ ಇಲ್ಲದ ಪಾದ' ಎಂದರು. ಕರಡು ತಿದ್ದುವವನಾಗಿ ಆ ಶ್ಲೇಷೆಗೆ ನಾನು ತಲೆದೂಗಲೇಬೇಕಾಯಿತು. ದಿನಕ್ಕೆ ಇಪ್ಪತ್ತು ಸಲ ನನ್ನ ಹೆಸರು ಓಣಿಯಲ್ಲಿ ಕೇಳುತ್ತಿತ್ತು, ಒಂದು ಸಲವೂ ನನ್ನನ್ನು ಕರೆದದ್ದಲ್ಲ. ನಾನು ಅಳಿಯನಾಗಿಯೇ ಉಳಿದೆ.

ಪಾಸ್ಕಲವ್ವನ ಕಷ್ಟ ಬೇರೆ. ಆರನೆಯ ವರ್ಷ ಆ ಮೂವತ್ತೆಂಟೂ ಮಂದಿ ಅವಳ ಇಯತ್ತೆಗೆ ಬಂದರು. ಹಾಜರಿ ಕೂಗಬೇಕು, ಗಂಡನ ಹೆಸರು ಹೇಳಬಾರದು. ಅವಳು ಪುಸ್ತಕ ತೆರೆದು, ತಲೆಯ ಮೇಲೆ ಸೆರಗು ಎಳೆದುಕೊಂಡು, "ಇವರು ಒಂದು" ಎಂದಳು. ಹೂಗಾರರ ಹುಡುಗ ಎದ್ದು, "ಅದೀನ್ರಿ" ಎಂದ. "ಇವರು ಎರಡು." "ಅದೀನ್ರಿ." ಇನ್ಸ್‌ಪೆಕ್ಟರು ಬಂದ ದಿನ ಬಾಗಿಲಲ್ಲಿ ನಿಂತು ಕೇಳಿ, "ಟೀಚರ, 'ಇವರು' ಅಂದ್ರ ಯಾರು?" ಎಂದರಂತೆ. ಇಯತ್ತೆಗೆ ಇಯತ್ತೆಯೇ ಒಂದೇ ದನಿಯಲ್ಲಿ, "ಅವರ ಮನಿಯವರು ರೀ" ಎಂದಿತಂತೆ. ಊರು ಈ ಕಥೆಗೆ ವರ್ಷಗಟ್ಟಲೆ ನಕ್ಕಿತು, ನಾನೂ ನಕ್ಕಿದ್ದೇನೆ.

ನಗದೆ ಇದ್ದದ್ದು ಒಂದೇ ದಿನ. ಮಗಳಿಗೆ ಐದು ವರ್ಷ, ಮಂಗಳವಾರದ ಸಂತೆಯಲ್ಲಿ ಕೈ ತಪ್ಪಿಸಿಕೊಂಡಳು. ಪಾಸ್ಕಲವ್ವ ಮೆಣಸಿನಕಾಯಿ ಸಾಲಿನಿಂದ ಪಾತ್ರೆ ಸಾಲಿಗೆ ಓಡಿದಳು, "ಕೂಸೂ, ಏ ಕೂಸೂ" ಎಂದು ಕೂಗುತ್ತ. ಸಂತೆಯ ಕೂಸುಗಳೆಲ್ಲ ತಿರುಗಿ ನೋಡಿದವು. "ನಮ್ಮಕೀ, ಏ ನಮ್ಮಕೀ" ಎಂದಳು. ಹೆಸರು ಅವಳ ಬಾಯಿಯ ತನಕ ಬಂದು ನಿಲ್ಲುತ್ತಿದ್ದುದು ನನಗೆ ಕಾಣುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಮಗಳು ಬೆಲ್ಲದ ಗಾಡಿಯ ಕೆಳಗೆ ಸಿಕ್ಕಳು. "ಅವ್ವಾ, ನೀ ನನ್ನ ಕರದೇ ಇಲ್ಲಲ್ಲ" ಎಂದಿತು ಕೂಸು. ಆ ದಿನ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಆಮೇಲೆ ಹತ್ತೊಂಬತ್ತು ವರ್ಷ ಹೇಳಲಿಲ್ಲ. ಮನೆಯಲ್ಲಿ ಮಗಳು 'ಕೂಸು' ಆಗಿಯೇ ಬೆಳೆದು, ಓದಿ, ದನದ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು. ಎತ್ತಿನ ಮೂಗಿಗೆ ಕೈ ಹಾಕುವ ಹೆಂಗಸನ್ನು ತಾಯಿ ಈಗಲೂ 'ಕೂಸೇ' ಎಂದೇ ಊಟಕ್ಕೆ ಕರೆಯುತ್ತಿದ್ದಳು.

ಈ ವರ್ಷ ಚೊಂಬಿಗೆ ಎಪ್ಪತ್ತೈದು ತುಂಬಿತು. ಕೇಂದ್ರ ಸಮಿತಿಯವರು ಅದರ ಇತಿಹಾಸವನ್ನು ಪುಸ್ತಕ ಮಾಡುವುದಾಗಿ ಪ್ರತಿ ಊರಿಗೂ ನಮೂನೆ ಕಳಿಸಿದರು: ವರ್ಷ, ಎದುರಾಳಿ, ಗೋಲಿನವನು, ನಿಮಿಷ. ಓದುಬರಹದವನೆಂದು ಊರು ಅದನ್ನು ನನಗೆ ವಹಿಸಿತು. ಹಿಂದಿನ ಐವತ್ತು ವರ್ಷಗಳನ್ನು ನಾನು ಬಹಳ ಖುಷಿಯಿಂದ ತುಂಬಿಸಿದೆ. ನಾಣ್ಯಪ್ಪನ ವಿಷಯಕ್ಕೆ ಅಡಿಟಿಪ್ಪಣಿ ಕೂಡ ಬರೆದೆ. ನನ್ನ ವರ್ಷದ ಸಾಲನ್ನು ಮಾತ್ರ ಬಿಟ್ಟು ಮುಂದಿನದಕ್ಕೆ ಹೋದೆ. ಅಷ್ಟರಲ್ಲಿ ಇನ್ನೊಂದು ಲಕೋಟೆ ಬಂತು. ಮೂರುಗುಡ್ಡದಲ್ಲಿ ಯಾರದೋ ಪೆಟ್ಟಿಗೆಯಲ್ಲಿ ಸಿಕ್ಕ, ಆ ವರ್ಷದ ಆಟದ ಹಳೆಯ ಫೋಟೋ, ಕೆಳಗೆ ಹೆಸರುಗಳನ್ನು ಗುರುತಿಸಿ ಕೊಡಿ ಎಂಬ ಕೋರಿಕೆ. ಒಡೆದವಳು ಮಗಳು.

ಪಾಸ್ಕಲವ್ವ ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ಮಗಳು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಅಪ್ಪಾ, ಚೆಂಡು ಈ ಉದ್ದ ಕೊರಳಿನವನ ಹಣಿಗೆ ಹತ್ತೈತಿ. ಇದರಾಗ ನೀ ಯಾರು?"

ಚೆಂಡಿನಿಂದ ಎರಡು ಮಾರು ದೂರ, ಕೊಕ್ಕರೆಯ ಹಾಗೆ ಗಾಳಿಯಲ್ಲಿ ಕಾಲು ಮಡಚಿಕೊಂಡಿದ್ದವನನ್ನು ತೋರಿಸಿದೆ.

"ನಿನ್ನ ಕಾಲಿಗೆ ಎಲ್ಲಿ ಬಡೀತು?"

"ಬಡೀಲಿಲ್ಲ."

"ಮತ್ತ?"

ಹೇಳಿದೆ. ಧೂಳು, ರೆಫರಿಯ ಪೆನ್ಸಿಲು, ಎತ್ತಿದ ಕೈ. ಯಾಕೆ ಎಂದು ಕೇಳುವ ಮೊದಲೇ ಅದನ್ನೂ ಹೇಳಿದೆ. ಹಾಲಿನವನು, ಕ್ಷೌರದವನು, ಅಳಿಯ. ಹೇಳುತ್ತ ಹೇಳುತ್ತ ಕಾರಣ ಎಷ್ಟು ಸಣ್ಣದಾಯಿತೆಂದರೆ, ಕೊನೆಯ ಮಾತುಗಳನ್ನು ನಾನು ಸೊಪ್ಪಿನ ಕಡೆ ನೋಡುತ್ತ ಮುಗಿಸಿದೆ. ಪಾಸ್ಕಲವ್ವ ಕೈ ನಿಲ್ಲಿಸಿರಲಿಲ್ಲ. ಎಲೆ ಒಂದು ಕಡೆ, ದಂಟು ಒಂದು ಕಡೆ.

"ರೀ," ಎಂದಳು. "ಕೈ ಎತ್ತೂ ಮುಂದ ನಾ ಹೊಟ್ಟಿಲೆ ಇದ್ದದ್ದು ನೆನಪಿತ್ತೇನು ನಿಮಗ?"

ಇಲ್ಲ ಎಂದಿದ್ದರೆ ಸ್ವಲ್ಪ ಮರ್ಯಾದೆ ಉಳಿಯುತ್ತಿತ್ತು. "ಇತ್ತು," ಎಂದೆ. "ನಮ್ಮ ಕೂಸಿಗೂ ನನ್ನ ಹೆಸರ ಬರ್ತೈತಿ ಅನಿಸ್ತು."

"ನಾ ಏನಂತ ಕರೀಲಿ ಅನ್ನೂದು?"

"ಅದು ಹೊಳೀಲಿಲ್ಲ."

"ಹೂಂ," ಎಂದಳು. ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಆ ಮಧ್ಯಾಹ್ನ ಬಡಿಸಿದಳು, ಉಪ್ಪು ಸಾಕೇ ಎಂದು ಕೇಳಿದಳು. ಅವಳು ಸಿಟ್ಟಾಗಿದ್ದರೆ ನನಗೆ ಮಾಡಲು ಏನಾದರೂ ಕೆಲಸವಿರುತ್ತಿತ್ತು.

ಮಗಳು ಹಾಗೆ ಬಿಡುವವಳಲ್ಲ. "ಪುಸ್ತಕ ತಿದ್ದಿದ್ರ ಹೆಸರೂ ತಿದ್ದಬೇಕು. ಆದ್ರ ನನ್ನ ಹೆಸರಿನವರಿಗೆ ಟಪಾಲಿನ್ಯಾಗ ಗೊತ್ತಾಗೂದು ಬ್ಯಾಡ. ಐತವಾರ ಎಲ್ಲಾರ್ನೂ ಸಾಲಿಗೆ ಕರೀತೀನಿ. ನೀನ ನಿಂತು ಹೇಳು," ಎಂದಳು.

ಭಾನುವಾರ ಬೆಳಿಗ್ಗೆ ಒಂದನೆಯ ಇಯತ್ತೆಯ ಕೋಣೆಯಲ್ಲಿ, ಊರಲ್ಲಿದ್ದ ಇಪ್ಪತ್ತೊಂಬತ್ತು ಮಂದಿ ಗಿಡ್ಡ ಬೆಂಚುಗಳಲ್ಲಿ ಮೊಣಕಾಲು ಎದೆಗೆ ಏರಿಸಿಕೊಂಡು ಕೂತಿದ್ದರು. ಕೆಲವರ ತೊಡೆಯ ಮೇಲೆ ಅವರದೇ ಮಕ್ಕಳು. ನಾನು ಹಲಗೆಯ ಹತ್ತಿರ ನಿಂತು ಫೋಟೋವನ್ನು ಕೈಯಿಂದ ಕೈಗೆ ದಾಟಿಸಿ, ಎಲ್ಲವನ್ನೂ ಹೇಳಿದೆ. ಮುಗಿದ ಮೇಲೆ ಪಂಕ್ಚರ್ ಅಂಗಡಿಯ ಗುರುಪಾದ, ಅದೇ ಹೂಗಾರರ ಕೂಸು, ಎದ್ದು ನಿಂತ.

"ಅಳಿಯಕಾಕಾ, ನಿಮ್ಮನ್ನ ಯಾರೂ ಹೆಸರ್ಲೆ ಕರೀವಲ್ರು ಅಂತ ಕೈ ಎತ್ತಿದ್ರಿ?"

"ಹೌದಪಾ."

"ಅಲ್ರೀ, ಹಂಗಂದ್ರ ನಿಮ್ಮ ಬದ್ಲಿ ಇಪ್ಪತ್ನಾಲ್ಕು ವರ್ಷ ನಾವು ಬೈಸ್ಕೊಂಡ್ವಿ?"

ಯಾರೋ ನಕ್ಕರು. ನಗು ಬೆಂಚಿನಿಂದ ಬೆಂಚಿಗೆ ಹೋಗುವ ಮೊದಲೇ ಕಿಟಕಿಯ ಹತ್ತಿರ ಕೂತಿದ್ದ ಗಾಣಿಗರ ಗುರುಪಾದವ್ವ ಎದ್ದಳು. ಮೆತ್ತಗಿನ ಹುಡುಗಿ, ಹೊಲಿಗೆಯ ಕೆಲಸ ಮಾಡುತ್ತಾಳೆ.

"ನನ್ನ ನೋಡಾಕ ಎರಡು ಕಡೆಯಿಂದ ಬಂದಿದ್ರು ರೀ," ಎಂದಳು. "ಹೆಸರ ಕೇಳಿದ್ರು. ತನ್ನ ಮನಿಗೇ ಗೋಲ್ ಹೊಡ್ಯಾಕಿ ನಮ್ಮ ಮನಿಗೆ ಬ್ಯಾಡ ಅಂದ್ರು. ಚಾ ಅರ್ಧಾ ಬಿಟ್ಟು ಹೋದ್ರು." ಕೂರುತ್ತ, "ನಿಮಗ ಗೊತ್ತಾಗ್ಲಿ ಅಂತ ಹೇಳಿದೆ," ಎಂದಳು.

ನಗು ನಿಂತಿತು. ನಾನು ಏನೋ ಹೇಳಲು ಬಾಯಿ ತೆರೆದೆ. 'ತಪ್ಪಾಯ್ತು' ಎಂಬ ಮಾತು ಬಂತು. ಕನ್ನಡದ ಈ ಸೌಕರ್ಯ ನನಗೆ ಗೊತ್ತು, ಅದರಲ್ಲಿ ತಪ್ಪು ಮಳೆಯ ಹಾಗೆ ತಾನಾಗಿ ಆಗಿಬಿಡುತ್ತದೆ, ಮಾಡಿದವನು ಇರುವುದಿಲ್ಲ. ನುಂಗಿಕೊಂಡೆ. "ನಾನು ತಪ್ಪು ಮಾಡಿದೆ," ಎಂದೆ. ಗ್ರಂಥದ ಭಾಷೆಯಂತೆ ಕೇಳಿಸಿತು.

ಪಂಕ್ಚರಿನವನೇ ಕೇಳಿದ: "ಖರೇ ಹೊಡದವನ ಹೆಸರೇನ್ರಿ?"

"ಬೆಳ್ಳಿಯಪ್ಪ."

"ಬೆಳ್ಳಿಯಪ್ಪ ಪಂಕ್ಚರ್ ಶಾಪ್," ಎಂದು ಅವನು ಒಮ್ಮೆ ಹೇಳಿ ನೋಡಿದ. ಹಿಂದಿನ ಬೆಂಚಿನವಳೊಬ್ಬಳು, "ಬೆಳ್ಳವ್ವ," ಎಂದಳು, ಹೊಸ ಸೀರೆಯ ನೆರಿಗೆ ಹಿಡಿದು ನೋಡುವವಳ ಹಾಗೆ. ಗಾಣಿಗರ ಹುಡುಗಿ ತುಟಿ ಮಾತ್ರ ಅಲ್ಲಾಡಿಸಿದಳು. ಆಮೇಲೆ ಕೋಣೆಯ ತುಂಬ ಅದೇ ಹೆಸರು ಗುಸುಗುಟ್ಟತೊಡಗಿತು. ಹಳೆಯ ಹೆಸರನ್ನು ಇಟ್ಟುಕೊಳ್ಳೋಣ ಎಂದು ಒಬ್ಬನಾದರೂ, ಬಾಯಿಮಾತಿಗಾದರೂ, ಹೇಳಿಯಾನೆಂದು ನಾನು ಕಾಯುತ್ತಿದ್ದೆ. ಹಾಗೆ ಕಾಯುತ್ತಿದ್ದೇನೆಂದು ಗೊತ್ತಾದಾಗ ಹಲಗೆಯ ಕಡೆಗೆ ತಿರುಗಿಕೊಂಡೆ. ಕೈ ಎತ್ತಿರೆಂದು ಮಗಳು ಹೇಳಿದಳು. ಇಪ್ಪತ್ತೊಂಬತ್ತೂ ಕೈ ಎದ್ದವು, ಅವಳದೂ ಸೇರಿ.

ಸೋಮವಾರ ನಮೂನೆಯ ಖಾಲಿ ಸಾಲನ್ನು ತುಂಬಿಸಿ, ಫೋಟೋ ಲಗತ್ತಿಸಿ, ಟಪಾಲಿಗೆ ಹಾಕಿದೆ. ಕೇಂದ್ರ ಸಮಿತಿಯ ಒಪ್ಪಿಗೆ ಇಪ್ಪತ್ತು ದಿನಗಳಲ್ಲಿ ಬಂತು. ಹೆಡ್‌ಮಾಸ್ತರು ಶಾಲೆಯ ಪುಸ್ತಕದಲ್ಲಿ ಮೂವತ್ತೆಂಟು ಗುರುಪಾದರ ಮೇಲೆ ಕೆಂಪು ಗೆರೆ ಎಳೆದು, ಬದಿಗೆ ಹೊಸ ಹೆಸರು ಬರೆದರು. ತಿದ್ದಿದ ಕ್ರಮ ಸರಿಯಾಗಿದೆಯೇ ನೋಡಿಕೊಡಿ ಎಂದು ಪುಟವನ್ನು ನನ್ನ ಬಳಿಗೇ ಕಳಿಸಿದರು. ಸರಿಯಾಗಿತ್ತು.

ಆ ದಿನ ಸಂಜೆ ಐದಕ್ಕೆ ಮಗಳು ಆಸ್ಪತ್ರೆಯಿಂದ ಬರುವುದು ಓಣಿಯ ತುದಿಯಲ್ಲಿ ಕಂಡಿತು. ಪಾಸ್ಕಲವ್ವ ಹೊಸ್ತಿಲ ಹೊರಗೆ ಹೋಗಿ ನಿಂತಳು. ಗಂಟಲು ಸರಿಮಾಡಿಕೊಂಡಳು.

"ಬೆಳ್ಳವ್ವಾ," ಎಂದಳು. ಮೊದಲ ಸಲ ಮೆಲ್ಲಗೆ, ಅಕ್ಷರ ಕಲಿಯುವ ಮಕ್ಕಳ ಹಾಗೆ. ಆಮೇಲೆ ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಓಣಿಯ ಆ ತುದಿ ಮುಟ್ಟುವಂತೆ, "ಬೆಳ್ಳವ್ವಾ, ಏ ಬೆಳ್ಳವ್ವಾ."

ಮಗಳು ಓಡಿಬಂದಳು. "ಏನವ್ವಾ?"

"ಏನಿಲ್ಲ."

ಅವಳು ಒಳಗೆ ಬಂದು ಕೈಕಾಲು ತೊಳೆಯಲು ಹೋದಳು. "ಬೆಳ್ಳವ್ವಾ," ಎಂದಿತು ಹೊರಗಿನ ದನಿ. "ಇಲ್ಲೇ ಅದೀನಲ್ಲವ್ವಾ." "ಇರು. ನೀ ಅಲ್ಲೇ ಇರು. ನಾ ಕರೀತೀನಿ." ಎದುರು ಮನೆಯವರು ಕಟ್ಟೆಗೆ ಬಂದರು. ನಲವತ್ತು ಮಕ್ಕಳಿಗೆ ಪಾಠ ಹೇಳಿ ಪಳಗಿದ ಗಂಟಲು. ಅದರಲ್ಲಿ ಇಷ್ಟು ಎತ್ತರದ ದನಿ ಇದೆಯೆಂದು ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದ ನನಗೆ ತಿಳಿದಿರಲಿಲ್ಲ. ಸಂತೆಯಲ್ಲಿ ಕಳೆದುಹೋದವಳನ್ನು ಕರೆಯುವ ಹಾಗೆ ಕರೆಯುತ್ತಿದ್ದಳು. ಮಗಳು ಒದ್ದೆ ಕೈಯಲ್ಲೇ ಬಾಗಿಲಿಗೆ ಹೋಗಿ ಅವಳ ಪಕ್ಕ ನಿಂತರೂ ನಿಲ್ಲಿಸಲಿಲ್ಲ.

ನಾನು ಕರಡಿನ ಹಾಳೆಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ ಬಾಗಿಲು ಮುಂದಕ್ಕೆ ಎಳೆದುಕೊಂಡೆ. ಅಲ್ಲಿಗೂ ಕೇಳಿಸುತ್ತಿತ್ತು.